ಮೊಬೈಲಿನ ಸ್ವತಂತ್ರ ಕಾರ್ಯಾಚರಣ ವ್ಯವಸ್ಥೆಗಳೂ ಕನ್ನಡ ಲಿಪಿಯೂ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿಗೆ ಸೇರಿದ ಕಣಕುಂಬಿಯು ಮಲಪ್ರಭೆಯ ಉಗಮಸ್ಥಾನವೆಂದು ಪ್ರಸಿದ್ಧವಾದ ಗ್ರಾಮವು. ಇಲ್ಲಿ ಹುಟ್ಟಿದ ಮಲಪ್ರಭೆಯು ಪೂರ್ವಾಭಿಮುಖವಾಗಿ ಸುಮಾರು ೩೦೦ ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವುದು. ಅದೇ ಗ್ರಾಮದ ಸಮೀಪದಲ್ಲಿ ಹುಟ್ಟುವ ಕಳಸಾ ಹಳ್ಳವಾದರೋ ಮಹದಾಯಿಯನ್ನು ಸೇರಿ, ಗೋವೆಯ ಮೂಲಕ ಅರಬ್ಬಿ ಸಮುದ್ರಕ್ಕೆ ಹೋಗುವುದು. ಒಂದೇ ಮೋಡದ ನೀರು ಬಿದ್ದ ಇಳಿಜಾರಿಗೆ ಅನುಸಾರವಾಗಿ ಎರಡು ಸಮುದ್ರಗಳ ಪಾಲಾಗುವ ಈ ಸ್ಥಳವು ಕನ್ನಡ, ಮರಾಠಿ, ಕೊಂಕಣಿಗಳ ಸಂಧಿಸ್ಥಾನವೂ ಆಗಿರುವುದು. ಇಂಥ ಊರಿನಲ್ಲಿ ಒಬ್ಬನು ತನ್ನ ಕೈಯ ಮೊಬೈಲಿನಲ್ಲಿ ಬೆಳಗ್ಗೆ ಕನ್ನಡದಲ್ಲಿಯೂ ಸಂಜೆ ಮರಾಠಿಯಲ್ಲಿಯೂ ಪತ್ರ ಬರೆದನೆಂದಿಟ್ಟುಕೊಳ್ಳೋಣ. ಅವನ ಅಕ್ಷರಗಳು ಪರದೆಯ ಮೇಲೆ ಸರಿಯಾಗಿ ಮೂಡುವುದೂ ಮೂಡದಿರುವುದೂ ಯಾರ ಅಧೀನದಲ್ಲಿರುವುದು? ಅವನ ಅಧೀನದಲ್ಲಿಲ್ಲ, ಉಪಕರಣವನ್ನು ಮಾರಿದ ಅಂಗಡಿಯವನ ಅಧೀನದಲ್ಲಿಯೂ ಇಲ್ಲ. ಅದು ಉಪಕರಣದೊಳಗೆ ಅದೃಶ್ಯವಾಗಿ ನಡೆಯುತ್ತಿರುವ ಕಾರ್ಯಾಚರಣ ವ್ಯವಸ್ಥೆಯ, ಎಂದರೆ ಆಪರೇಟಿಂಗ್ ಸಿಸ್ಟಂ ಎಂಬುದರ, ಅಧೀನದಲ್ಲಿರುವುದು.

ಇಂದು ಜಗತ್ತಿನ ಮೊಬೈಲುಗಳಲ್ಲಿ ಬಹುಪಾಲು ಗೂಗಲ್ ಸಂಸ್ಥೆಯ ಆಂಡ್ರಾಯ್ಡನ್ನೂ, ಉಳಿದವುಗಳಲ್ಲಿ ಬಹುಪಾಲು ಆಪಲ್ ಸಂಸ್ಥೆಯ ಐಓಎಸ್ಸನ್ನೂ ಆಶ್ರಯಿಸಿರುವುವು. ಈ ದ್ವಂದ್ವದಿಂದ ಬಿಡಿಸಿಕೊಳ್ಳುವುದಕ್ಕಾಗಿ ಅನೇಕ ಉಪಕರಣ ತಯಾರಕರು ತಮ್ಮದೇ ಆದ ವ್ಯವಸ್ಥೆಗಳನ್ನು ಕಟ್ಟಲು ಯತ್ನಿಸಿರುವರು. ಆ ಯತ್ನಗಳಲ್ಲಿ ಕೆಲವು ಕರ್ನಾಟಕದ ನೆಲಕ್ಕೂ ಸಂಬಂಧಪಟ್ಟಿರುವುವು. ಅವುಗಳ ಸ್ವರೂಪವೇನು, ಅವು ಏತಕ್ಕೆ ಎದ್ದುವು, ಏತಕ್ಕೆ ಬಿದ್ದುವು, ಕನ್ನಡ ಲಿಪಿಗೆ ಅವುಗಳಿಂದ ಆದ ಲಾಭಾಲಾಭಗಳೇನು ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶವು.

೧. ವ್ಯವಸ್ಥೆಯ ಸ್ವರೂಪ

ಮೊಬೈಲು ಎಂಬುದು ಒಂದು ಗಣಕಯಂತ್ರವೇ. ಅದರ ಸಂಸ್ಕಾರಕ, ಸ್ಮೃತಿಕೋಶ, ಪರದೆ, ರೇಡಿಯೋ, ಛಾಯಾಗ್ರಾಹಕ ಮೊದಲಾದ ಅಂಗಗಳು ತಾವಾಗಿ ಏನನ್ನೂ ಮಾಡಲಾರವು. ಅವುಗಳಿಗೆ ಕೆಲಸವನ್ನು ಹಂಚಿ, ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಬಾರದಂತೆ ನಿಯಂತ್ರಿಸುವ ಮೂಲಭಾಗಕ್ಕೆ ತಿರುಳು ಅಥವಾ ಕರ್ನೆಲ್ ಎಂದು ಹೆಸರು. ತಿರುಳಿನ ಮೇಲೆ ಅಕ್ಷರ ಬಿಡಿಸುವುದು, ಧ್ವನಿ ನುಡಿಸುವುದು, ಜಾಲಸಂಪರ್ಕ ಕಲ್ಪಿಸುವುದು ಮುಂತಾದ ಸಾಮಾನ್ಯ ಸೇವೆಗಳ ಒಂದು ಮಧ್ಯಸ್ತರವಿರುವುದು. ಅದರ ಮೇಲೆ ಬಳಕೆದಾರನು ಕಾಣುವ ಮುಖಸ್ತರವೂ, ಆತನು ಬೇಕಾದಾಗ ಸೇರಿಸಿಕೊಳ್ಳುವ ಅನ್ವಯಗಳೂ, ಎಂದರೆ ಆ್ಯಪುಗಳೂ, ಇರುವುವು. ಈ ಸ್ತರಗಳ ಸಮುದಾಯವೇ ಕಾರ್ಯಾಚರಣ ವ್ಯವಸ್ಥೆಯು.

"ನಮ್ಮದೇ ವ್ಯವಸ್ಥೆ" ಎಂದು ತಯಾರಕನೊಬ್ಬನು ಹೇಳಿದಾಗ ಯಾವ ಸ್ತರದಿಂದ ಮೇಲಕ್ಕೆ ಅದು ಅವನದು ಎಂಬುದನ್ನು ವಿಚಾರಿಸತಕ್ಕುದು ಅವಶ್ಯವು. ಹಸ್ತಪ್ರತಿಗಳ ಸಂಪಾದನೆಯನ್ನು ಬಲ್ಲವರಿಗೆ ಈ ಭೇದವು ಸುಲಭವಾಗಿ ತಿಳಿಯುವುದು. ಒಂದೇ ಮಾತೃಕೆಯಿಂದ ಇಳಿದ ಪ್ರತಿಗಳಲ್ಲಿ ಕೆಲವು ಮೂಲವನ್ನು ಯಥಾವತ್ತಾಗಿ ಅನುಸರಿಸುವುವು. ಕೆಲವು ಶಾಖೆಯೊಡೆದು ಬೇರೆ ಪಾಠಪರಂಪರೆಯನ್ನು ಬೆಳೆಯಿಸುವುವು. ಇನ್ನು ಕೆಲವು ಹೊಸ ಕೃತಿಗಳೇ ಆಗಿಬಿಡುವುವು. ಅದರಂತೆ ಇಲ್ಲಿಯೂ ನಾಲ್ಕು ದರ್ಜೆಗಳನ್ನು ಗುರುತಿಸಬಹುದು.

ಮೊದಲನೆಯದು ವೇಷಾಂತರ ಮಾತ್ರವಾದುದು. ಆಂಡ್ರಾಯ್ಡಿನ ಮುಖಸ್ತರವನ್ನು ಬದಲಾಯಿಸಿ ಹೊಸ ಹೆಸರನ್ನಿಡುವುದು ಇದರ ಲಕ್ಷಣವು. ಎರಡನೆಯದು ಆಂಡ್ರಾಯ್ಡಿನ ಮುಕ್ತ ಮೂಲಪಾಠವನ್ನು ತೆಗೆದುಕೊಂಡು, ಗೂಗಲಿನ ಸೇವೆಗಳನ್ನೂ ಅಂಗಡಿಯನ್ನೂ ಬಿಟ್ಟು ಕಟ್ಟಿದ ಶಾಖೆಯು. ಮೂರನೆಯದು ಲಿನಕ್ಸ್ ಎಂಬ ಸಾರ್ವಜನಿಕ ತಿರುಳನ್ನು ಮಾತ್ರ ಇಟ್ಟುಕೊಂಡು ಮೇಲಿನ ಸ್ತರಗಳನ್ನೆಲ್ಲ ಬೇರೆಯಾಗಿ ರಚಿಸಿದುದು. ನಾಲ್ಕನೆಯದು ತಿರುಳಿನಿಂದಲೇ ಸ್ವಂತವಾದುದು. ಈ ವಿವೇಚನೆಯಿಲ್ಲದೆ "ಸ್ವದೇಶಿ", "ಸ್ವತಂತ್ರ" ಎಂಬ ಶಬ್ದಗಳನ್ನು ಪ್ರಯೋಗಿಸಿದರೆ ಅರ್ಥವು ಮಸಕಾಗುವುದು. ೨೦೨೩ರ ಜನವರಿಯಲ್ಲಿ ಮದರಾಸಿನ ಐಐಟಿಯ ಆಶ್ರಯದಲ್ಲಿ ಪ್ರಕಟವಾದ ಭಾರ್‌ಓಎಸ್ ವ್ಯವಸ್ಥೆಯನ್ನು ಪತ್ರಿಕೆಗಳು ಸ್ವದೇಶಿ ವ್ಯವಸ್ಥೆಯೆಂದು ಕೊಂಡಾಡಿದುವು; ಅದು ಮೇಲೆ ಹೇಳಿದ ಎರಡನೆಯ ದರ್ಜೆಗೆ ಸೇರತಕ್ಕುದು. ಇದರಿಂದ ಅದರ ಬೆಲೆ ಕಡಿಮೆಯಾಗುವುದಿಲ್ಲ. ಅದರ ಸ್ಥಾನವು ಸ್ಪಷ್ಟವಾಗುವುದು.

೨. ತಯಾರಕರ ಯತ್ನಗಳು

ಈ ಇತಿಹಾಸದಲ್ಲಿ ಹಿರಿಯದೆಂದರೆ ಸಿಂಬಿಯನ್. ಬ್ರಿಟನ್ನಿನ ಸಯಾನ್ ಕಂಪನಿಯ ಕಿರುಗಣಕಗಳಿಗಾಗಿ ಹುಟ್ಟಿದ ವ್ಯವಸ್ಥೆಯನ್ನು ೧೯೯೮ರಲ್ಲಿ ನೋಕಿಯಾ, ಎರಿಕ್ಸನ್, ಮೋಟೊರೋಲಾಗಳು ಸಯಾನಿನೊಡನೆ ಕೂಡಿ ಸಿಂಬಿಯನ್ ಎಂಬ ಸಂಸ್ಥೆಯ ಮೂಲಕ ಬೆಳೆಯಿಸಿದುವು. ಅನೇಕ ವರ್ಷಗಳ ಕಾಲ ಅದು ಜಗತ್ತಿನ ಅಗ್ರಗಣ್ಯ ವ್ಯವಸ್ಥೆಯಾಗಿದ್ದಿತು. ೨೦೦೭ರಲ್ಲಿ ಐಫೋನೂ, ೨೦೦೮ರಲ್ಲಿ ಆಂಡ್ರಾಯ್ಡಿನ ಮೊದಲ ಉಪಕರಣವೂ ಮಾರುಕಟ್ಟೆಗೆ ಬಂದ ಮೇಲೆ ಅದರ ಸ್ಥಿತಿಯು ಕೆಡುತ್ತ ಬಂದಿತು. ೨೦೧೧ರ ಫೆಬ್ರವರಿಯಲ್ಲಿ ನೋಕಿಯಾ ಸಂಸ್ಥೆಯು ಅದನ್ನು ತೊರೆದು ಮೈಕ್ರೋಸಾಫ್ಟಿನ ವಿಂಡೋಸ್ ಫೋನನ್ನು ಆಶ್ರಯಿಸುವುದಾಗಿ ಪ್ರಕಟಿಸಿತು. ಆ ಆಶ್ರಯವೂ ಶಾಶ್ವತವಾಗಲಿಲ್ಲ.

ಕೊರಿಯಾದ ಸ್ಯಾಮ್ಸಂಗ್ ಸಂಸ್ಥೆಯ ಯತ್ನವು ಕರ್ನಾಟಕಕ್ಕೆ ಹೆಚ್ಚು ಹತ್ತಿರವಾದುದು. ಈ ಸಂಸ್ಥೆಯು ೨೦೦೯ರ ನವೆಂಬರಿನಲ್ಲಿ "ಬಾಡಾ" ಎಂಬ ಸ್ವಂತ ವ್ಯವಸ್ಥೆಯನ್ನು ಪ್ರಕಟಿಸಿತು. ಕೊರಿಯನ್ ಭಾಷೆಯಲ್ಲಿ ಆ ಶಬ್ದಕ್ಕೆ ಸಮುದ್ರವೆಂದು ಅರ್ಥವು. ೨೦೧೦ರಲ್ಲಿ ವೇವ್ ಎಂಬ ಉಪಕರಣದೊಡನೆ ಅದು ಮಾರುಕಟ್ಟೆಗೆ ಬಂದಿತು. ೨೦೧೧ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ಇಂಟೆಲ್ ಮತ್ತು ಸ್ಯಾಮ್ಸಂಗ್‌ಗಳ ಸಹಕಾರದಿಂದ ಟೈಜನ್ ಎಂಬ ಹೊಸ ವ್ಯವಸ್ಥೆಯು ಆರಂಭವಾಗಲು, ಬಾಡಾದ ಕೆಲಸವನ್ನು ಅದರಲ್ಲಿಯೇ ಲೀನಗೊಳಿಸುವ ನಿರ್ಧಾರವಾಯಿತು. ಟೈಜನ್ ಮೇಲೆ ಹೇಳಿದ ಮೂರನೆಯ ದರ್ಜೆಗೆ ಸೇರಿದುದು. ೨೦೧೫ರ ಜನವರಿ ೧೪ರಂದು ಆ ವ್ಯವಸ್ಥೆಯ ಮೊದಲ ಮೊಬೈಲಾದ "ಝಡ್-೧" ಮಾರಾಟಕ್ಕೆ ಬಂದುದು ಭಾರತದಲ್ಲಿ. ಬೆಲೆ ೫,೭೦೦ ರೂಪಾಯಿ. ಅದೇ ವರ್ಷದ ಜುಲೈ ತಿಂಗಳಲ್ಲಿ ಟೈಜನ್ ತಂತ್ರಜ್ಞರ ಸಮಾವೇಶವೊಂದು ಬೆಂಗಳೂರಿನಲ್ಲಿ ಜರುಗಿತು. ೧೯೯೬ರಿಂದ ಸ್ಯಾಮ್ಸಂಗ್ ಸಂಸ್ಥೆಯ ಸಂಶೋಧನಾಲಯವೊಂದು ಆ ನಗರದಲ್ಲಿ ನಡೆದುಬಂದಿರುವುದನ್ನು ನೆನೆದರೆ ಇದು ಆಶ್ಚರ್ಯವಲ್ಲ. ೨೦೧೫ರಲ್ಲಿಯೇ ಝಡ್-೩, ೨೦೧೬ರಲ್ಲಿ ಝಡ್-೨, ೨೦೧೭ರಲ್ಲಿ ಝಡ್-೪ ಎಂಬ ಉಪಕರಣಗಳು ಬಂದುವು. ಅಲ್ಲಿಗೆ ಆ ಸಾಲು ನಿಂತಿತು. ೨೦೨೧ರ ಕೊನೆಯಲ್ಲಿ ಟೈಜನ್ ಅನ್ವಯಗಳ ಅಂಗಡಿಯೂ ಮುಚ್ಚಿತು. ಇಂದು ಟೈಜನ್ ಮುಖ್ಯವಾಗಿ ಆ ಸಂಸ್ಥೆಯ ದೂರದರ್ಶನ ಯಂತ್ರಗಳಲ್ಲಿ ಬದುಕಿರುವುದು.

ಚೀನಾದ ಹುವಾವೇ ಸಂಸ್ಥೆಗೆ ಒದಗಿದ ಪ್ರಸಂಗವು ಬೇರೆ ತೆರನಾದುದು. ೨೦೧೯ರ ಮೇ ತಿಂಗಳಲ್ಲಿ ಅಮೆರಿಕದ ಸರಕಾರವು ಅದನ್ನು ನಿರ್ಬಂಧಿತ ಸಂಸ್ಥೆಗಳ ಪಟ್ಟಿಗೆ ಸೇರಿಸಲಾಗಿ, ಹೊಸ ಉಪಕರಣಗಳಿಗೆ ಗೂಗಲಿನ ಸೇವೆಗಳು ದೊರೆಯದೆ ಹೋದುವು. ಅದೇ ವರ್ಷದ ಆಗಸ್ಟಿನಲ್ಲಿ ಹಾರ್ಮನಿಓಎಸ್ ಪ್ರಕಟವಾಯಿತು. ೨೦೨೧ರಲ್ಲಿ ಅದು ಮೊಬೈಲುಗಳಿಗೆ ಬಂದಿತು. ಆರಂಭದಲ್ಲಿ ಅದರೊಳಗೆ ಆಂಡ್ರಾಯ್ಡಿನ ಅನ್ವಯಗಳೂ ನಡೆಯುತ್ತಿದ್ದುವು. ೨೦೨೪ರ ಅಕ್ಟೋಬರಿನಲ್ಲಿ ಹೊರಬಂದ "ನೆಕ್ಸ್ಟ್" ಎಂಬ ಆವೃತ್ತಿಯಲ್ಲಾದರೋ ಆ ಸಂಬಂಧವೂ ಕಡಿದುಹೋಗಿ, ತಿರುಳು ಕೂಡ ಸ್ವಂತದ್ದಾಯಿತು. ಬೇರೆಯವರು ಆಯ್ಕೆಯಿಂದ ಕೈಕೊಂಡುದನ್ನು ಈ ಸಂಸ್ಥೆಯು ಅನಿವಾರ್ಯತೆಯಿಂದ ಸಾಧಿಸಬೇಕಾಯಿತು. ವಿಶಾಲವಾದ ಸ್ವದೇಶದ ಮಾರುಕಟ್ಟೆಯು ಅದರ ಬೆಂಬಲಕ್ಕಿದ್ದಿತೆಂಬುದನ್ನೂ ಇಲ್ಲಿ ಮರೆಯಲಾಗದು.

ಭಾರತದಲ್ಲಿ ಜನಸಾಮಾನ್ಯರ ಕೈಗೆ ಹೆಚ್ಚಾಗಿ ತಲುಪಿದ ಬೇರೆ ವ್ಯವಸ್ಥೆಯೆಂದರೆ ಕಾಯ್‌ಓಎಸ್. ಇದರ ಮೂಲವು ಮೋಜಿಲ್ಲಾ ಸಂಸ್ಥೆಯು ೨೦೧೧ರಲ್ಲಿ ಆರಂಭಿಸಿದ ಫೈರ್‌ಫಾಕ್ಸ್ ಓಎಸ್. ೨೦೧೪ರಲ್ಲಿ ಇಂಟೆಕ್ಸ್ ಕಂಪನಿಯು ಆ ವ್ಯವಸ್ಥೆಯ ಉಪಕರಣವನ್ನು ೧,೯೯೯ ರೂಪಾಯಿಗೆ ಇಲ್ಲಿ ಮಾರಿತು. ಮೋಜಿಲ್ಲಾ ಅದನ್ನು ಕೈಬಿಟ್ಟ ಮೇಲೆ ಅದರ ಮುಕ್ತ ಮೂಲಪಾಠದಿಂದ ಕಾಯ್‌ಓಎಸ್ ಎಂಬ ಶಾಖೆಯು ಹೊರಟು, ೨೦೧೭ರಲ್ಲಿ ಪ್ರಕಟವಾದ ಜಿಯೋಫೋನಿನ ಮೂಲಕ ಹಳ್ಳಿಹಳ್ಳಿಗೂ ಹೋಯಿತು. ೨೦೧೮ರಲ್ಲಿ ಗೂಗಲ್ ಸಂಸ್ಥೆಯೇ ಕಾಯ್‌ಓಎಸ್ ಕಂಪನಿಯಲ್ಲಿ ೨ ಕೋಟಿ ೨೦ ಲಕ್ಷ ಡಾಲರುಗಳನ್ನು ತೊಡಗಿಸಿತು. ಪರ್ಯಾಯವೂ ತಾನು ಯಾವುದಕ್ಕೆ ಪರ್ಯಾಯವೋ ಅದರಿಂದ ಪೂರ್ತಿಯಾಗಿ ದೂರ ನಿಲ್ಲುವುದು ಕಷ್ಟವೆಂಬುದಕ್ಕೆ ಇದೊಂದು ನಿದರ್ಶನವು.

೩. ಬೆಂಗಳೂರಿನ ಸಿಂಪ್ಯೂಟರು

ಇವುಗಳಲ್ಲಿ ಸಿಂಬಿಯನ್ನನ್ನು ಬಿಟ್ಟು ಉಳಿದವುಗಳಿಗಿಂತ ಮೊದಲೇ ಕರ್ನಾಟಕದಲ್ಲಿ ಒಂದು ಗಣನೀಯವಾದ ಯತ್ನವು ನಡೆದಿದ್ದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಇವರೂ, ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ತಂತ್ರಜ್ಞರೂ ಕೂಡಿ ೧೯೯೯ರಲ್ಲಿ ಸಿಂಪ್ಯೂಟರ್ ಟ್ರಸ್ಟನ್ನು ಸ್ಥಾಪಿಸಿದರು. ಸರಳವೂ ಅಗ್ಗವೂ ಬಹುಭಾಷಿಕವೂ ಆದ ಜನರ ಗಣಕವೆಂಬುದು ಆ ಹೆಸರಿನ ತಾತ್ಪರ್ಯವು. ೨೦೦೧ರ ಏಪ್ರಿಲಿನಲ್ಲಿ ಅದರ ಮೂಲಮಾದರಿಯನ್ನು ಪ್ರದರ್ಶಿಸಲಾಯಿತು. ಅದು ಅಂಗೈಯಲ್ಲಿ ಹಿಡಿಯತಕ್ಕ ಯಂತ್ರವು. ಕೀಲಿಮಣೆಯಿಲ್ಲದೆ ಪರದೆಯ ಸ್ಪರ್ಶದಿಂದ ನಡೆಯುವುದು. ಅದರ ತಿರುಳು ಲಿನಕ್ಸ್. ಒಂದೇ ಯಂತ್ರವನ್ನು ಊರಿನ ಹಲವರು ಸರದಿಯಿಂದ ಬಳಸುವಂತಾಗಲೆಂದು ಪ್ರತಿಯೊಬ್ಬನ ವಿವರವನ್ನೂ ಅವನವನ ಸ್ಮಾರ್ಟ್ ಕಾರ್ಡಿನಲ್ಲಿ ಇಡುವ ಏರ್ಪಾಡಿದ್ದಿತು. ಭಾರತೀಯ ಭಾಷೆಗಳಲ್ಲಿ ಮಾಹಿತಿಯನ್ನು ತೋರಿಸುವುದಕ್ಕಾಗಿ ಐಎಂಎಲ್ ಎಂಬ ಸ್ವಂತ ಗುರುತುಭಾಷೆಯನ್ನು ಅವರು ನಿರ್ಮಿಸಿದರು. ಓದಲು ಬಾರದವನಿಗೂ ಉಪಯೋಗವಾಗಲೆಂದು ಬರಹವನ್ನು ಧ್ವನಿಯಾಗಿ ನುಡಿಸುವ ಯೋಜನೆಯೂ ಅದರಲ್ಲಿ ಸೇರಿದ್ದಿತು.

೨೦೦೪ರ ಏಪ್ರಿಲಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದ "ಅಮಿಡಾ" ಸಿಂಪ್ಯೂಟರು ಮಾರಾಟಕ್ಕೆ ಬಂದಿತು. ಯಂತ್ರವನ್ನು ಓರೆಮಾಡಿದರೆ ಅದನ್ನು ಗ್ರಹಿಸಿ ವರ್ತಿಸುವ ಚಲನಗ್ರಾಹಕವು ಅದರಲ್ಲಿದ್ದಿತು. ಐಫೋನಿನಲ್ಲಿ ಅಂಥದನ್ನು ಜಗತ್ತು ಮೆಚ್ಚಿದುದು ಮೂರು ವರ್ಷಗಳ ತರುವಾಯ. ಆದರೂ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಬೆಲೆಯು ಹಳ್ಳಿಗನ ಕೈಗೆ ಎಟುಕುವಷ್ಟು ಇಳಿಯಲಿಲ್ಲ. ಅಷ್ಟರಲ್ಲಿ ಸಾಧಾರಣ ಮೊಬೈಲುಗಳು ಅಗ್ಗವಾದುವು. ಸೋತಿತೆಂಬ ಕಾರಣದಿಂದ ಈ ಯತ್ನವನ್ನು ಅಲಕ್ಷಿಸುವುದು ಯುಕ್ತವಲ್ಲ. ಭಾಷೆಯನ್ನು ಕೊನೆಯಲ್ಲಿ ಅಂಟಿಸುವ ಅಲಂಕಾರವೆಂದು ಎಣಿಸದೆ ವ್ಯವಸ್ಥೆಯ ಉದ್ದೇಶದಲ್ಲಿಯೇ ಸೇರಿಸಿದ ವಿರಳ ಉದಾಹರಣೆಗಳಲ್ಲಿ ಇದೊಂದು.

೪. ಸೋಲಿನ ಕಾರಣಗಳು

ಇಷ್ಟು ಯತ್ನಗಳಲ್ಲಿ ಹೆಚ್ಚಿನವು ಏತಕ್ಕೆ ಸೋತುವು? ತಾಂತ್ರಿಕ ದೌರ್ಬಲ್ಯವು ಮುಖ್ಯಕಾರಣವಲ್ಲ. ಅನ್ವಯಗಳಿಲ್ಲದ ವ್ಯವಸ್ಥೆಯನ್ನು ಜನರು ಕೊಳ್ಳರು. ಜನರಿಲ್ಲದ ವ್ಯವಸ್ಥೆಗೆ ಅನ್ವಯಗಳನ್ನು ಯಾರೂ ಬರೆಯರು. ಈ ಅನ್ಯೋನ್ಯಾಶ್ರಯವನ್ನು ಭೇದಿಸುವಷ್ಟು ಧನವೂ ತಾಳ್ಮೆಯೂ ಬಲು ಕೆಲವರಿಗೆ ಮಾತ್ರ ಇರುವುವು.

ಎರಡನೆಯ ಕಾರಣವು ಒಪ್ಪಂದಗಳಿಗೆ ಸಂಬಂಧಿಸಿದುದು. ಆಂಡ್ರಾಯ್ಡಿನ ಮೂಲಪಾಠವು ಮುಕ್ತವಾದರೂ, ಗೂಗಲಿನ ಅಂಗಡಿ ಮತ್ತು ಸೇವೆಗಳು ಬೇಕೆನ್ನುವ ತಯಾರಕನು ತಾನು ಆಂಡ್ರಾಯ್ಡಿನ ಬೇರೆ ಶಾಖೆಗಳ ಉಪಕರಣಗಳನ್ನು ಹೊರತರುವುದಿಲ್ಲವೆಂದು ಒಪ್ಪಿ ಸಹಿ ಮಾಡಬೇಕಾಗಿದ್ದಿತು. ೨೦೧೨ರ ಸೆಪ್ಟೆಂಬರಿನಲ್ಲಿ ಏಸರ್ ಕಂಪನಿಯು ಅಲಿಬಾಬಾ ಸಂಸ್ಥೆಯ ಅಲಿಯುನ್ ವ್ಯವಸ್ಥೆಯ ಮೊಬೈಲನ್ನು ಹೊರತರಲು ಸಿದ್ಧವಾಗಿ, ಕೊನೆಯ ಗಳಿಗೆಯಲ್ಲಿ ಸಮಾರಂಭವನ್ನೇ ರದ್ದುಗೊಳಿಸಿತು. ಗೂಗಲಿನ ಆಕ್ಷೇಪವೇ ಇದಕ್ಕೆ ಕಾರಣವೆಂದು ಅಲಿಬಾಬಾ ಹೇಳಿತು. ಭಾರತದ ಸ್ಪರ್ಧಾ ಆಯೋಗವು ಈ ವಿಷಯವನ್ನು ವಿಚಾರಿಸಿ, ೨೦೨೨ರ ಅಕ್ಟೋಬರ್ ೨೦ರಂದು ಗೂಗಲಿಗೆ ೧,೩೩೭.೭೬ ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿತು. ೨೦೨೩ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಾಧಿಕರಣವು ಆಯೋಗದ ಕೆಲವು ನಿರ್ದೇಶಗಳನ್ನು ತೆಗೆದುಹಾಕಿದರೂ ದಂಡವನ್ನು ಎತ್ತಿಹಿಡಿಯಿತು. ಮುಕ್ತವೆಂಬ ಹೆಸರಿದ್ದ ಮಾತ್ರಕ್ಕೆ ಹರಿವಿನ ಮೇಲ್ಭಾಗದಲ್ಲಿರುವವನ ಹತೋಟಿಯು ತಪ್ಪುವುದಿಲ್ಲವೆಂಬುದು ಈ ಪ್ರಕರಣದಿಂದ ತಿಳಿದುಬರುವುದು. ತಂತ್ರಾಂಶಕಾರರು ಮೂಲಪಾಠವಿರುವ ಸ್ಥಳವನ್ನು ಹೊಳೆಯ ಮೇಲ್ಭಾಗವೆಂದೂ, ಅದರಿಂದ ಪಡೆಯುವವರನ್ನು ಕೆಳಭಾಗದವರೆಂದೂ ಕರೆಯುವ ವಾಡಿಕೆಯು ಸಾರ್ಥಕವಾಗಿಯೇ ಇರುವುದು.

೫. ಕನ್ನಡ ಅಕ್ಷರದ ಸ್ಥಿತಿ

ಈಗ ಸಾಹಿತ್ಯಾಧ್ಯಾಪಕರಿಗೆ ನೇರವಾಗಿ ಸಂಬಂಧಪಟ್ಟ ಭಾಗಕ್ಕೆ ಬರತಕ್ಕುದು. ಯಾವ ವ್ಯವಸ್ಥೆಯಾದರೂ ಕನ್ನಡವನ್ನು ತೋರಿಸಬೇಕಾದರೆ ಅದಕ್ಕೆ ಮೂರು ಸಾಧನಗಳು ಬೇಕು: ಅಕ್ಷರಗಳ ಸಂಕೇತಪದ್ಧತಿ, ಅಕ್ಷರರೂಪಗಳ ಸಂಚಯವಾದ ಫಾಂಟು, ಸಂಕೇತಗಳನ್ನು ರೂಪಗಳಾಗಿ ಜೋಡಿಸುವ ವಿನ್ಯಾಸಯಂತ್ರ.

ಸಂಕೇತಪದ್ಧತಿಯು ಯೂನಿಕೋಡ್. ೧೯೯೧ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಖಂಡವು ದೊರೆಯಿತು. ಇದರಲ್ಲಿ ಒತ್ತಕ್ಷರಗಳಿಗೆ ಬೇರೆ ಸ್ಥಾನಗಳಿಲ್ಲ. "ಸ್ತ್ರೀ" ಎಂಬ ಒಂದೇ ಅಕ್ಷರವು ಸಕಾರ, ಹಲಂತಚಿಹ್ನೆ, ತಕಾರ, ಹಲಂತಚಿಹ್ನೆ, ರಕಾರ, ಈಕಾರಚಿಹ್ನೆ ಎಂಬ ಆರು ಸಂಕೇತಗಳಾಗಿ ಸ್ಮೃತಿಕೋಶದಲ್ಲಿರುವುದು. ಇವುಗಳ ಕ್ರಮವು ಉಚ್ಚಾರಣೆಯ ಕ್ರಮವೇ ಹೊರತು ಬರವಣಿಗೆಯ ಕ್ರಮವಲ್ಲ. "ಕರ್ತೃ" ಎಂಬಲ್ಲಿ ರಕಾರವು ಮೊದಲು ಉಚ್ಚರಿತವಾದರೂ ಬರೆಯುವಾಗ ಅರ್ಕಾವತ್ತಾಗಿ ತಕಾರದ ಮುಂದೆ ಹೋಗಿ ಕೂಡುವುದು. ಅದೇ ಶಬ್ದವನ್ನು ಮರಾಠಿಯಲ್ಲಿ ಬರೆದರೆ ಅದು ಅಕ್ಷರದ ತಲೆಯನ್ನೇರುವುದು. ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವನು ಕಣ್ಣಿನಿಂದಲೂ ಕೈಯಿಂದಲೂ ಮಾಡುತ್ತಿದ್ದ ಈ ಕೆಲಸವನ್ನು ಮೊಬೈಲಿನಲ್ಲಿ ವಿನ್ಯಾಸಯಂತ್ರವು ಮಾಡುವುದು. ಅದಿಲ್ಲವಾದರೆ ಒತ್ತುಗಳು ಬಿಚ್ಚಿಹೋಗಿ ಹಲಂತಗಳ ಸಾಲಾಗಿ ನಿಲ್ಲುವುವು. ಫಾಂಟೇ ಇಲ್ಲವಾದರೆ ಬರಿಯ ಚೌಕಗಳು ಕಾಣುವುವು.

ಆಂಡ್ರಾಯ್ಡಿನಲ್ಲಿ ಕನ್ನಡಕ್ಕೆ ಈ ಸೌಕರ್ಯವು ಅಧಿಕೃತವಾಗಿ ಸೇರಿದುದು ೨೦೧೨ರ ೪.೧ನೆಯ ಆವೃತ್ತಿಯಲ್ಲಿ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವು ದೊರೆತು ಆಗ ೨೧ ವರ್ಷಗಳಾಗಿದ್ದುವು. ಹೊಸ ವ್ಯವಸ್ಥೆಯೊಂದು ಹುಟ್ಟಿದಾಗಲೆಲ್ಲ ಇದೇ ಕಾಯುವಿಕೆಯು ಮತ್ತೆ ಮೊದಲಾಗಬಹುದೆಂಬ ಭಯವು ಸಹಜವಾದುದು. ತಯಾರಕನು ತನ್ನ ಮಾರುಕಟ್ಟೆಯ ಲೆಕ್ಕದಲ್ಲಿ ಕನ್ನಡವನ್ನು ಎಷ್ಟನೆಯ ಸಾಲಿನಲ್ಲಿ ಇಟ್ಟಿರುವನೋ ಅಷ್ಟು ವಿಳಂಬವು.

ಆದರೆ ಇಲ್ಲಿ ಸಮಾಧಾನಕರವಾದ ಒಂದು ಅಂಶವಿರುವುದು. ವಿನ್ಯಾಸದ ಕೆಲಸವನ್ನು ಮಾಡುವ ಹಾರ್ಫ್‌ಬಜ್ ಎಂಬ ತಂತ್ರಾಂಶವು ಯಾವ ಒಬ್ಬ ತಯಾರಕನ ಸ್ವತ್ತೂ ಅಲ್ಲ. ಅದು ಮುಕ್ತ ಮೂಲಪಾಠವುಳ್ಳದ್ದು. ಆಂಡ್ರಾಯ್ಡು, ಫೈರ್‌ಫಾಕ್ಸು, ಲಿಬ್ರೆ ಆಫೀಸು ಮುಂತಾದುವೆಲ್ಲ ಅದನ್ನೇ ಬಳಸುವುವು. ಲೋಹಿತ್, ನೋಟೊ ಮೊದಲಾದ ಮುಕ್ತ ಫಾಂಟುಗಳಲ್ಲಿ ಕನ್ನಡವುಂಟು. ಆದುದರಿಂದ ಹೊಸ ವ್ಯವಸ್ಥೆಯ ನಿರ್ಮಾಪಕನು ಕನ್ನಡದ ಒತ್ತಕ್ಷರಗಳ ನಿಯಮಗಳನ್ನು ಮೊದಲಿನಿಂದ ಕಲಿಯಬೇಕಾಗಿಲ್ಲ; ಸಾರ್ವಜನಿಕ ಕೋಶದಿಂದ ತೆಗೆದುಕೊಂಡರೆ ಸಾಕು. ಮೋಜಿಲ್ಲಾ ಕೈಬಿಟ್ಟ ಮೇಲೆಯೂ ಫೈರ್‌ಫಾಕ್ಸ್ ಓಎಸ್ಸಿನಿಂದ ಹೊಸ ಶಾಖೆಯು ಹೊರಡಲು ಸಾಧ್ಯವಾದುದು ಅದರ ಮೂಲಪಾಠವು ಮುಕ್ತವಾಗಿದ್ದುದರಿಂದಲೇ. ತಯಾರಕರು ಬಂದು ಹೋಗುವರು. ಸಾರ್ವಜನಿಕ ಕೋಶಕ್ಕೆ ಸೇರಿದ ಕೆಲಸವು ಉಳಿಯುವುದು.

ಆ ಕೋಶವೂ ನಿರ್ದೋಷವಾದುದಲ್ಲ. ಹಳಗನ್ನಡದ ೞಕಾರಕ್ಕೆ ಯೂನಿಕೋಡಿನಲ್ಲಿ ಸ್ಥಾನವಿದ್ದರೂ ಅದರ ಅಧಿಕೃತ ನಾಮವು ತಪ್ಪಾಗಿ "ಫ" ಎಂದು ದಾಖಲಾಗಿರುವುದು. ಒಮ್ಮೆ ಪ್ರಕಟವಾದ ಅಕ್ಷರನಾಮವನ್ನು ಬದಲಾಯಿಸಕೂಡದೆಂಬ ನಿಯಮವಿರುವುದರಿಂದ ಆ ತಪ್ಪು ಶಾಶ್ವತವಾಗಿ ನಿಂತಿರುವುದು. ಹಳೆಯ ಮುದ್ರಿತ ಗ್ರಂಥಗಳಲ್ಲಿ ಕಾಣುವ ನಕಾರಪೊಲ್ಲಿಗೆ ಸ್ಥಾನವು ದೊರೆತುದು ೨೦೨೧ರ ೧೪ನೆಯ ಆವೃತ್ತಿಯಲ್ಲಿ. ಇಂಥ ಲೋಪಗಳು ಪರಿಣತರ ಗಮನವು ಸಕಾಲದಲ್ಲಿ ಅತ್ತ ಹರಿಯದಿದ್ದುದರ ಫಲವು. ೞ, ಱ ಅಕ್ಷರಗಳ ಭೇದವನ್ನು ಬಲ್ಲವರು ತಂತ್ರಾಂಶಕಾರರಲ್ಲಿ ವಿರಳ. ತಂತ್ರಾಂಶದ ದಾರಿಯನ್ನು ಬಲ್ಲವರು ಹಳಗನ್ನಡದ ವಿದ್ವಾಂಸರಲ್ಲಿ ವಿರಳ. ಹಳಗನ್ನಡದ ಪಾಠವೊಂದನ್ನು ವಿದ್ಯಾರ್ಥಿಯು ಮೊಬೈಲಿನಲ್ಲಿ ತೆರೆದಾಗ ೞಕಾರದ ಸ್ಥಾನದಲ್ಲಿ ಚೌಕವು ಕಂಡರೆ ಅವನಿಗೆ ಪಾಠವೇ ಕೆಟ್ಟಂತಾಯಿತು. ತಾನು ಓದುತ್ತಿರುವುದು ಲಿಪಿಕಾರನ ತಪ್ಪಲ್ಲ, ಯಂತ್ರದ ಲೋಪ ಎಂಬುದನ್ನು ಅವನು ತಿಳಿಯುವ ಬಗೆಯಿಲ್ಲ.

೬. ಉಪಸಂಹಾರ

ಮೇಲಿನ ವಿಚಾರದಿಂದ ಎರಡು ಸಂಗತಿಗಳು ನಿಷ್ಪನ್ನವಾಗುವುವು. ಮೊದಲನೆಯದಾಗಿ, ತಯಾರಕನೊಬ್ಬನು ಸ್ವತಂತ್ರ ವ್ಯವಸ್ಥೆಯನ್ನು ಕಟ್ಟಿದ ಮಾತ್ರಕ್ಕೆ ಅದನ್ನು ಬಳಸುವ ಭಾಷೆಯು ಸ್ವತಂತ್ರವಾಗುವುದಿಲ್ಲ. ಒಡೆಯನು ಬದಲಾಗಬಹುದು, ಅಧೀನತೆಯು ಉಳಿಯಬಹುದು. ಸ್ವದೇಶಿ ವ್ಯವಸ್ಥೆಯಲ್ಲಿಯೂ ಕನ್ನಡದ ಒತ್ತು ಮುರಿದು ಕಾಣಬಹುದು. ವಿದೇಶದ ವ್ಯವಸ್ಥೆಯಲ್ಲಿಯೂ ಸರಿಯಾಗಿ ಮೂಡಬಹುದು. ಎರಡನೆಯದಾಗಿ, ಲಿಪಿಯ ಭದ್ರತೆಯು ಸಂಕೇತಪದ್ಧತಿ, ಫಾಂಟು, ವಿನ್ಯಾಸಯಂತ್ರ ಎಂಬ ಮೂರು ಸಾರ್ವಜನಿಕ ಸಾಧನಗಳ ಶುದ್ಧಿಯಲ್ಲಿ ನೆಲೆಸಿರುವುದು. ಅಲ್ಲಿ ಮಾಡಿದ ಒಂದು ತಿದ್ದುಪಡಿಯು ಇಂದಿನ ವ್ಯವಸ್ಥೆಗಳಿಗೂ ಇನ್ನು ಹುಟ್ಟಬೇಕಾದವುಗಳಿಗೂ ಸಮನಾಗಿ ಸಲ್ಲುವುದು. ಶಾಸನಪಾಠಗಳನ್ನೂ ಹಸ್ತಪ್ರತಿಗಳನ್ನೂ ಪರಿಶೀಲಿಸುವ ವಿದ್ವಾಂಸರು ಹೊಸ ಫಾಂಟು ಬಂದಾಗ ಹಳಗನ್ನಡದ ಅಕ್ಷರಗಳಿಂದ ಅದನ್ನು ಪರೀಕ್ಷಿಸಿ, ಕಂಡ ದೋಷವನ್ನು ಅದರ ನಿರ್ಮಾಪಕರಿಗೆ ತಿಳಿಯಪಡಿಸುವುದು ಗ್ರಂಥಸಂಪಾದನೆಯ ಒಂದು ಅಂಗವೆಂದೇ ಎಣಿಸತಕ್ಕುದು.

ಕಣಕುಂಬಿಯಲ್ಲಿ ಬಿದ್ದ ನೀರು ಮೂಡಣಕ್ಕೋ ಪಡುವಣಕ್ಕೋ ಎಂಬುದು ನೆಲದ ಇಳಿಜಾರಿಗೆ ಸೇರಿದ ಸಂಗತಿಯು. ಮುಂದೆ ಯಾವ ವ್ಯವಸ್ಥೆಯು ಗೆಲ್ಲುವುದೆಂಬುದೂ ಹಾಗೆಯೇ ಮಾರುಕಟ್ಟೆಯ ಇಳಿಜಾರಿಗೆ ಸೇರಿದುದು. ಅದರ ಮೇಲೆ ಕನ್ನಡಿಗರ ಹತೋಟಿಯು ಸ್ವಲ್ಪವೇ. ಹರಿವ ದಿಕ್ಕು ಯಾವುದಾದರೂ ಉಗಮದಲ್ಲಿ ನೀರು ತಿಳಿಯಾಗಿರುವಂತೆ ನೋಡಿಕೊಳ್ಳುವುದು ಮಾತ್ರ ಕನ್ನಡದ ವಿದ್ವಾಂಸರ ಕೈಯಲ್ಲಿರುವುದು.